33 ಪುಟದ ಕಾಗದದಿಂದ 30 ಸೆಕೆಂಡಿನ ವೀಡಿಯೊವರೆಗೆ

ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. 2007ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ನಿರ್ಣಯ ಮಾಡಿ, 2008ರಿಂದ ಆಚರಣೆಗೆ ಬಂದ ದಿನ ಇದು. ನಮ್ಮ ಕಾಸರಗೋಡಿನಲ್ಲಿ ಆ ಹೊತ್ತಿಗೆ ವಾರ್ಷಿಕ ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಗಿರುತ್ತದೆ. ಮಕ್ಕಳು ಗೇರುಬೀಜ ಹೆಕ್ಕುವುದರಲ್ಲಿ, ಅಜ್ಜಿಮನೆಗೆ ಹೋಗುವುದರಲ್ಲಿ ಇರುತ್ತಾರೆ. ಶಾಲೆಗೆ ಬೀಗ. ಹಾಗಾಗಿ ನಮ್ಮಲ್ಲಿ ಈ ದಿನದ ಆಚರಣೆ ಏನಿದ್ದರೂ ಮೊಬೈಲಿನಲ್ಲೇ.

ಎರಡು ವರ್ಷದ ಹಿಂದೆ ನಾವೂ ಆಚರಿಸಿದೆವು. ನಮ್ಮ ಶಾಲೆಯ ಎರಡನೇ ತರಗತಿಯ ಹುಡುಗನೊಬ್ಬ ಜಗಲಿಯಲ್ಲಿ ಕುಳಿತು ಬಣ್ಣದ ಚಾಕ್‌ಪೀಸುಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸುತ್ತಿದ್ದ ಫೋಟೋ ಒಂದು ನಮ್ಮಲ್ಲಿತ್ತು. ನೋಡಲು ಚಂದದ ಫೋಟೋ. ಅದರ ಮೂಲೆಗೆ ಒಂದು ನೀಲಿ ರಿಬ್ಬನ್ ಅಂಟಿಸಿ, "ನಮ್ಮ ಶಾಲೆಯ ವಿಶೇಷ ಮಗು" ಎಂದು ಬರೆದು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದೆವು. ಕೈಮುಗಿಯುವ ಚಿತ್ರಗಳು ಸಾಲುಗಟ್ಟಿ ಬಂದವು. ಸಂಜೆಯೊಳಗೆ ಅದು ಊರಿನ ಇನ್ನೆರಡು ಗುಂಪುಗಳಿಗೆ ಹೋಗಿತ್ತು. ನಮಗೆ ಖುಷಿಯೇ ಆಯಿತೆಂದು ಒಪ್ಪಿಕೊಳ್ಳಬೇಕು.

ಮರುದಿನ ಹುಡುಗನ ತಾಯಿ ಫೋನ್ ಮಾಡಿದರು. "ಮಾಷ್ಟ್ರೇ, ಡಾಕ್ಟ್ರು ಇನ್ನೂ ಎಂತ ಅಂತ ಹೇಳ್ಲಿಲ್ಲ. ಅಷ್ಟರಲ್ಲಿ ನೀವು ಊರಿಗೆಲ್ಲ ಹೇಳಿ ಆಯ್ತಲ್ಲ. ನಮ್ಮ ಅತ್ತೆಗೆ ಗೊತ್ತಾದದ್ದೇ ನಿಮ್ಮ ಫೋಟೋ ನೋಡಿ" ಎಂದರು. ಜಗಳದ ಧ್ವನಿಯೇನೂ ಅಲ್ಲ. ಅದೇ ಹೆಚ್ಚು ಕಷ್ಟವಾಯಿತು. ಫೋಟೋ ಅಳಿಸಿದೆವು. ಆದರೆ ನಾವು ಅಳಿಸಿದ್ದು ನಮ್ಮ ಗುಂಪಿನಿಂದ ಮಾತ್ರ.

ಆ ರಜೆಯಲ್ಲಿ ನಾವು ಈ ವಿಷಯ ಓದಲು ಕುಳಿತೆವು. ರೋಗವೋ ಅಲ್ಲವೋ, ಚಿಕಿತ್ಸೆ ಏನು ಎಂಬುದಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡಿದ್ದು ಬೇರೆ ಪ್ರಶ್ನೆ. ಆಟಿಸಂ ಇರುವವರ ಬಗ್ಗೆ ಲೋಕದೆದುರು ಮಾತಾಡಿದವರು ಯಾರು ಯಾರು? ಯಾರ ಅಪ್ಪಣೆ ಪಡೆದು? ಈ ಪ್ರಶ್ನೆಗೂ ಒಂದು ಇತಿಹಾಸ ಇದೆ ಎಂದು ಗೊತ್ತಾದದ್ದು ಆಗಲೇ.

ಮೊದಲು ಪದದ ವಿಚಾರ. ಕರ್ನಾಟಕದ ಪತ್ರಿಕೆಗಳು 'ಆಟಿಸಂ' ಎನ್ನುತ್ತವೆ, ಕೆಲವರು 'ಸ್ವಲೀನತೆ' ಎನ್ನುತ್ತಾರೆ. ನಮ್ಮ ಕಡೆಯ ತಾಯಂದಿರು ಮಲಯಾಳದಲ್ಲಿ ಕೇಳಿದ ಹಾಗೆ 'ಓಟಿಸಂ' ಎನ್ನುತ್ತಾರೆ. ಗ್ರೀಕ್ ಭಾಷೆಯ 'ಆಟೋಸ್' ಎಂದರೆ ತಾನು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ ಈ ಪದವನ್ನು 1911ರ ಸುಮಾರಿಗೆ ಬಳಸಿದ್ದು ಸ್ಕಿಜೋಫ್ರೇನಿಯಾದ ಒಂದು ಲಕ್ಷಣಕ್ಕೆ, ಅಂದರೆ ರೋಗಿ ತನ್ನೊಳಗೇ ಸರಿದು ಹೋಗುವ ಸ್ಥಿತಿಗೆ. ಮಕ್ಕಳಿಗೆ ಈ ಹೆಸರು ಅಂಟಿದ್ದು ಆಮೇಲೆ. ಎರವಲು ತಂದ ಹೆಸರು, ಅದೂ ಇನ್ನೊಂದು ಕಾಯಿಲೆಯ ಮನೆಯಿಂದ. 'ತನ್ನೊಳಗೇ ಲೀನವಾದವನು' ಎಂಬ ಅರ್ಥ ಅಲ್ಲಿಂದಲೇ ಹೊತ್ತುಕೊಂಡು ಬಂತು. ನಮ್ಮ ಹುಡುಗ ಚಾಕ್‌ಪೀಸು ಜೋಡಿಸುವಾಗ ಕಿಟಿಕಿಯಾಚೆ ಬಸ್ಸು ಹೋದರೆ ಯಾವ ಬಸ್ಸೆಂದು ಸದ್ದಿನಲ್ಲೇ ಹೇಳುತ್ತಾನೆ. ಅವನು ಎಲ್ಲಿ ಲೀನವಾಗಿದ್ದಾನೆಂದು ನಮಗಂತೂ ತಿಳಿಯದು.

ಇತಿಹಾಸ ಶುರುವಾಗುವುದು ಒಬ್ಬ ತಂದೆಯ ಕಾಗದದಿಂದ. ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಫಾರೆಸ್ಟ್ ಎಂಬ ಸಣ್ಣ ಊರು. ಅಲ್ಲಿ ಬೀಮನ್ ಟ್ರಿಪ್ಲೆಟ್ ಎಂಬ ವಕೀಲರು. ಅವರ ಮಗ ಡೊನಾಲ್ಡ್ ಹುಟ್ಟಿದ್ದು 1933ರಲ್ಲಿ. ಎರಡೂವರೆ ವರ್ಷಕ್ಕೆ ಪ್ರಾರ್ಥನೆಯ ಪಾಠಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದ, ಅಧ್ಯಕ್ಷರ ಚಿತ್ರ ನೋಡಿ ಹೆಸರು ಹೇಳುತ್ತಿದ್ದ. ಕೈಗೆ ಸಿಕ್ಕಿದ ದುಂಡಗಿನ ವಸ್ತುವನ್ನೆಲ್ಲ ತಿರುಗಿಸಿ ಖುಷಿ ಪಡುತ್ತಿದ್ದ. ಆದರೆ ತಾಯಿ ಬಂದರೂ ತಿರುಗಿ ನೋಡುತ್ತಿರಲಿಲ್ಲ. ಆಗಿನ ವೈದ್ಯರ ಸಲಹೆಯಂತೆ ಮೂರು ಚಿಲ್ಲರೆ ವರ್ಷದ ಆ ಮಗುವನ್ನು ಒಂದು ಸಂಸ್ಥೆಗೆ ಸೇರಿಸಿದರು. ಸುಮಾರು ಒಂದು ವರ್ಷದ ಬಳಿಕ ಮನಸ್ಸು ತಡೆಯದೆ ಮನೆಗೆ ಕರೆತಂದರು. 1938ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರನ್ನು ಕಾಣುವ ಮೊದಲು ತಂದೆ ಮಗನ ಬಗ್ಗೆ ಬೆರಳಚ್ಚು ಮಾಡಿ ಕಳಿಸಿದ ಕಾಗದ 33 ಪುಟದ್ದು.

ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಲೇಖನ ಪ್ರಕಟಿಸಿದರು. 8 ಗಂಡು, 3 ಹೆಣ್ಣು. ಮೊದಲನೆಯ ಮಗು 'ಡೊನಾಲ್ಡ್ ಟಿ.' ಆಟಿಸಂ ಎಂದು ನಾವಿಂದು ಕರೆಯುವ ಎಲ್ಲ ವಿವರಣೆಗೆ ಬೇರು ಆ ಲೇಖನ, ಆ ಲೇಖನದ ಬೇರು ತಂದೆಯ 33 ಪುಟ. ಮಗುವನ್ನು ದಿನವಿಡೀ ನೋಡಿದವರು ಬರೆದದ್ದು ಎಂಬುದು ಮುಖ್ಯ. ನಾವು ಹಾಕಿದ ಫೋಟೋದ ಕೆಳಗೆ ಇದ್ದದ್ದು ನಾಲ್ಕು ಪದ.

ಡೊನಾಲ್ಡ್ ಆಮೇಲೆ ಏನಾದರು ಎಂದು ಹೆಚ್ಚಿನ ಪುಸ್ತಕಗಳು ಹೇಳುವುದಿಲ್ಲ, ಅದಕ್ಕೆ ಇಲ್ಲಿ ಹೇಳುತ್ತೇವೆ. ಅವರನ್ನು ಕೆಲವು ವರ್ಷ ಒಂದು ರೈತ ದಂಪತಿಯ ಮನೆಯಲ್ಲಿ ಬಿಟ್ಟಿದ್ದರು. ಜೋಳದ ಸಾಲುಗಳನ್ನು ಎಣಿಸುತ್ತಾ ಉಳಬಹುದೆಂದು ಆ ರೈತ ಕಂಡುಕೊಂಡ, ಎಣಿಸುವ ಚಾಳಿಯನ್ನೇ ಕೆಲಸಕ್ಕೆ ಹಚ್ಚಿದ. ಡೊನಾಲ್ಡ್ ಮುಂದೆ ಕಾಲೇಜು ಓದಿದರು, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಗಾಲ್ಫ್ ಆಡಿದರು, ಒಬ್ಬರೇ ಹತ್ತಾರು ದೇಶ ತಿರುಗಿದರು. 2023ರ ಜೂನಿನಲ್ಲಿ 89ನೇ ವಯಸ್ಸಿನಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಊರಿನವರು ಅವರನ್ನು ತಮ್ಮವನೆಂದು ಕಾಪಾಡಿಕೊಂಡಿದ್ದರು. ನಮಗೆ ಹೆಚ್ಚು ಹಿಡಿಸಿದ್ದು ಆ ಊರು.

ಕ್ಯಾನರ್ ಅವರಿಗೂ ಮೊದಲೇ ಮಾಸ್ಕೋದಲ್ಲಿ ಗ್ರುನ್ಯಾ ಸುಖಾರೆವಾ ಎಂಬ ವೈದ್ಯೆ 6 ಹುಡುಗರ ಬಗ್ಗೆ 1925ರಲ್ಲಿ ರಷ್ಯನ್ನಿನಲ್ಲಿ, 1926ರಲ್ಲಿ ಜರ್ಮನ್‌ನಲ್ಲಿ ಬರೆದಿದ್ದರು. ಇಂಗ್ಲಿಷಿಗೆ ಅದು ಬಂದದ್ದು 1996ರಲ್ಲಿ. ಇಂಗ್ಲಿಷಿನಲ್ಲಿ ಇಲ್ಲದ್ದು ಇಲ್ಲವೇ ಇಲ್ಲ ಎಂಬ ಲೋಕದ ಲೆಕ್ಕ ನಮ್ಮಂಥ ಗಡಿನಾಡಿನ ಕನ್ನಡ ಶಾಲೆಯವರಿಗೆ ಹೊಸತಲ್ಲ. ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಅವರ ಕಥೆಯೂ ಹಾಗೆಯೇ. 1944ರಲ್ಲಿ ಜರ್ಮನ್‌ನಲ್ಲಿ ಬರೆದದ್ದನ್ನು 1981ರಲ್ಲಿ ಲಂಡನ್ನಿನ ಲೋರ್ನಾ ವಿಂಗ್ ಎತ್ತಿ ಹೇಳಿದ ಮೇಲೆಯೇ ಲೋಕಕ್ಕೆ ತಿಳಿದದ್ದು. ವಿಂಗ್ ಮನೋವೈದ್ಯೆ, ಜೊತೆಗೆ ಆಟಿಸಂ ಇದ್ದ ಮಗಳ ತಾಯಿ. 'ಆಸ್ಪರ್ಗರ್ ಸಿಂಡ್ರೋಮ್' ಎಂಬ ಹೆಸರು 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿತು, 2013ರಲ್ಲಿ ಬಿಟ್ಟುಹೋಗಿ ಎಲ್ಲವೂ 'ಆಟಿಸಂ ಸ್ಪೆಕ್ಟ್ರಂ' ಎಂಬ ಒಂದೇ ಹೆಸರಿನಡಿ ಬಂದವು. 2018ರಲ್ಲಿ ಹೆರ್ವಿಗ್ ಚೆಕ್ ಎಂಬ ಇತಿಹಾಸಕಾರರು ಹಳೆಯ ಕಡತಗಳನ್ನು ತೆರೆದಾಗ, ನಾಜಿ ಆಡಳಿತದಲ್ಲಿ ಆಸ್ಪರ್ಗರ್ ಕೆಲವು ಮಕ್ಕಳನ್ನು 'ಆಮ್ ಸ್ಪೀಗೆಲ್‌ಗ್ರುಂಡ್' ಎಂಬ ಸಂಸ್ಥೆಗೆ ಶಿಫಾರಸು ಮಾಡಿ ಕಳಿಸಿದ್ದು ಬಯಲಾಯಿತು. ಅಲ್ಲಿ ಸುಮಾರು 800 ಮಕ್ಕಳು ಸತ್ತಿದ್ದಾರೆ. ಒಂದು ಮಗುವಿನ ಬಗ್ಗೆ ದೊಡ್ಡವರೊಬ್ಬರು ಬರೆಯುವ ಎರಡು ಸಾಲು ಆ ಮಗುವನ್ನು ಎಲ್ಲಿಗೆ ಕೊಂಡೊಯ್ಯಬಹುದು ಎಂದು ಓದಿ ರಾತ್ರಿ ನಿದ್ದೆ ಬರಲಿಲ್ಲ. ವರ್ಷಕ್ಕೊಮ್ಮೆ ನಾವೂ ಮಕ್ಕಳ ಬಗ್ಗೆ ಎರಡು ಸಾಲು ಬರೆಯುವವರೇ ತಾನೇ.

ಇನ್ನು ತಾಯಂದಿರ ಮೇಲೆ ಬಿದ್ದ ಅಪವಾದ. ಕ್ಯಾನರ್ 1943ರ ಲೇಖನದಲ್ಲೇ, ಇದು ಹುಟ್ಟಿನಿಂದ ಬಂದದ್ದು ಎಂದೂ ಬರೆದಿದ್ದರು, ಈ ಮಕ್ಕಳ ಹೆತ್ತವರಲ್ಲಿ ಪ್ರೀತಿ ತೋರುವವರು ಕಡಿಮೆ ಎಂದೂ ಬರೆದಿದ್ದರು. ಎರಡು ಮಾತಿನಲ್ಲಿ ಪತ್ರಿಕೆಗಳು ಹಿಡಿದುಕೊಂಡದ್ದು ಎರಡನೆಯದನ್ನು. 1948ರಲ್ಲಿ 'ಟೈಮ್' ಪತ್ರಿಕೆ ಈ ಮಕ್ಕಳನ್ನು ಹಿಮ ಕಟ್ಟಿದ ಮಕ್ಕಳೆಂದು ಕರೆದು ಲೇಖನ ಹಾಕಿತು. 'ರೆಫ್ರಿಜರೇಟರ್ ತಾಯಿ' ಎಂಬ ಮಾತು ಹುಟ್ಟಿತು. ಶಿಕಾಗೋದ ಬ್ರೂನೋ ಬೆಟ್ಟೆಲ್‌ಹೈಮ್ 1967ರಲ್ಲಿ ಬರೆದ ಪುಸ್ತಕ ಮತ್ತೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಮಕ್ಕಳ ಸ್ಥಿತಿಯನ್ನು ನಾಜಿ ಶಿಬಿರದ ಕೈದಿಗಳ ಸ್ಥಿತಿಗೆ ಹೋಲಿಸಿತು. ಹಾಗಾದರೆ ತಾಯಿ ಯಾರಾದಳು? ಓದುಗರೇ ಊಹಿಸಿಕೊಳ್ಳಬೇಕು. ಅವರು ಟಿ.ವಿ.ಯಲ್ಲೂ ಬಂದು ಮಾತಾಡುತ್ತಿದ್ದರು. ಅಮೆರಿಕದ ಮನೆಮನೆಯಲ್ಲಿ ಆ ಮಾತು ಕೇಳಿ ಎಷ್ಟು ತಾಯಂದಿರು ತಲೆ ತಗ್ಗಿಸಿದರೋ.

ಇದು ಅಲ್ಲಿಯ ಹಳೆಯ ಕಥೆ ಎಂದುಕೊಂಡಿದ್ದೆವು. ಆದರೆ ನಮ್ಮ ಹುಡುಗನ ತಾಯಿಗೆ ಬಂದ ಫಾರ್ವರ್ಡ್ ವೀಡಿಯೊ ಒಂದರಲ್ಲಿ, ತಾಯಿ ಮೊಬೈಲು ನೋಡುತ್ತಾ ಮಗುವಿನೊಡನೆ ಮಾತಾಡದೆ ಇದ್ದರೆ ಆಟಿಸಂ ಬರುತ್ತದೆ ಎಂದು ಒಬ್ಬರು ಬಿಳಿ ಕೋಟು ಹಾಕಿ ಹೇಳುತ್ತಿದ್ದರು. ಫ್ರಿಜ್ಜಿನ ಜಾಗಕ್ಕೆ ಮೊಬೈಲು ಬಂದಿದೆ, ಅಷ್ಟೆ. ಮಗುವಿನೊಡನೆ ಹೆಚ್ಚು ಮಾತಾಡಿ ಎಂಬುದು ಒಳ್ಳೆಯ ಸಲಹೆಯೇ. ಆದರೆ ಆಟಿಸಂ ತಾಯಿಯ ತಪ್ಪಿನಿಂದ ಬರುವುದಲ್ಲ, ಹೆಚ್ಚಿನ ಪಾಲು ವಂಶವಾಹಿಗಳಿಂದ ಬರುವಂಥದ್ದು ಎಂದು ಅವಳಿ ಮಕ್ಕಳ ಅಧ್ಯಯನಗಳು 1977ರಿಂದಲೇ ತೋರಿಸಿಕೊಟ್ಟಿವೆ.

ಅಪವಾದವನ್ನು ಮುರಿದವರು ಹೆತ್ತವರೇ. ಬರ್ನಾರ್ಡ್ ರಿಮ್ಲ್ಯಾಂಡ್ ಅಮೆರಿಕದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದವರು, ಆಟಿಸಂ ಇದ್ದ ಮಗನ ತಂದೆ. 1964ರಲ್ಲಿ ಅವರು ಬರೆದ ಪುಸ್ತಕ ತಾಯಿಯ ತಪ್ಪೆಂಬ ವಾದವನ್ನು ಒಂದೊಂದಾಗಿ ಬಿಡಿಸಿ ಹಾಕಿತು. ಪುಸ್ತಕದ ಕೊನೆಗೆ ಒಂದು ಪ್ರಶ್ನಾವಳಿ ಇತ್ತು. ಹೆತ್ತವರು ಅದನ್ನು ತುಂಬಿಸಿ ಅವರಿಗೆ ಅಂಚೆಯಲ್ಲಿ ಕಳಿಸತೊಡಗಿದರು. ಹೀಗೆ ವಿಳಾಸಗಳು ಸೇರಿದವು, ವಿಳಾಸಗಳಿಂದ 1965ರಲ್ಲಿ ಸಂಘವಾಯಿತು. ಇಂಗ್ಲೆಂಡಿನಲ್ಲಿ ಹೆತ್ತವರ ಸಂಘ 1962ರಲ್ಲೇ ಆಗಿತ್ತು. 1969ರಲ್ಲಿ ಆ ಅಮೆರಿಕದ ಸಂಘದ ಸಭೆಗೇ ಬಂದು ಕ್ಯಾನರ್, ಹೆತ್ತವರು ದೋಷಮುಕ್ತರು ಎಂದು ಸಾರಿದರು. ಅಂಚೆಯಣ್ಣ ಹೊತ್ತು ತಂದ ಆ ಸುತ್ತೋಲೆಗಳೇ ಅಂದಿನ ವಾಟ್ಸಾಪ್. ಆದರೆ ಅದೇ ರಿಮ್ಲ್ಯಾಂಡ್ ಮುಂದೆ ಭಾರೀ ಪ್ರಮಾಣದ ವಿಟಮಿನ್ ಮಾತ್ರೆಗಳನ್ನೂ, ಲಸಿಕೆಯ ಮೇಲಿನ ಸಂಶಯವನ್ನೂ ಅದೇ ದಾರಿಯಲ್ಲಿ ಹಂಚಿದರು. ಸತ್ಯ ಬಂದ ದಾರಿಯಲ್ಲೇ ಸುಳ್ಳೂ ಬಂತು. ದಾರಿಗೆ ಎರಡರ ಭೇದ ಗೊತ್ತಿಲ್ಲ.

ಒಂಟಿ ತುಂಡಿನ ಪಜಲ್ ಚಿತ್ರ ಎಲ್ಲರೂ ನೋಡಿರುತ್ತೀರಿ. ಅದು ಬಂದದ್ದು 1963ರಲ್ಲಿ, ಇಂಗ್ಲೆಂಡಿನ ಆ ಸಂಘದಿಂದ. ಮೊದಲ ಚಿತ್ರದಲ್ಲಿ ತುಂಡಿನೊಳಗೆ ಅಳುವ ಮಗುವಿತ್ತು. 1965ರಲ್ಲಿ 'ಲೈಫ್' ಪತ್ರಿಕೆ ಕ್ಯಾಲಿಫೋರ್ನಿಯಾದ ಪ್ರಯೋಗವೊಂದರ ಫೋಟೋಗಳನ್ನು ಹಾಕಿತು. ಮಕ್ಕಳಿಗೆ ಕೆನ್ನೆಗೆ ಹೊಡೆದು, ವಿದ್ಯುತ್ ಶಾಕ್ ಕೊಟ್ಟು 'ಸರಿಮಾಡುವ' ಚಿತ್ರಗಳು. ಓದುಗರು ಅದನ್ನು ಭರವಸೆಯ ಸುದ್ದಿಯೆಂದೇ ಓದಿದರು. 1988ರಲ್ಲಿ 'ರೈನ್ ಮ್ಯಾನ್' ಸಿನಿಮಾ ಬಂದು 4 ಆಸ್ಕರ್ ಗೆದ್ದಿತು. ಆ ಪಾತ್ರಕ್ಕೆ ಪ್ರೇರಣೆಯಾದ ಕಿಮ್ ಪೀಕ್ ಎಂಬವರಿಗೆ ಆಟಿಸಂ ಇರಲಿಲ್ಲವೆಂದು ಆಮೇಲೆ ತಜ್ಞರು ಹೇಳಿದರೂ, ಆಟಿಸಂ ಎಂದರೆ ಕ್ಯಾಲೆಂಡರು ಬಾಯಿಪಾಠ ಬರುವವನು ಎಂಬ ಕಲ್ಪನೆ ಇಂದಿಗೂ ಹೋಗಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲೇ, "ಅವನಿಗೆ ಲೆಕ್ಕದಲ್ಲಿ ಎಂತಾದರೂ ಸ್ಪೆಷಲ್ ಉಂಟಾ?" ಎಂದು ಕೇಳಿದವರಿದ್ದಾರೆ. ಇಲ್ಲ. ಕೂಡಿಸುವ ಲೆಕ್ಕದಲ್ಲಿ ಎಲ್ಲರ ಹಾಗೆ ದಶಕ ತಪ್ಪುತ್ತಾನೆ. 2010ರಲ್ಲಿ 'ಮೈ ನೇಮ್ ಈಸ್ ಖಾನ್', 2012ರಲ್ಲಿ 'ಬರ್ಫಿ' ಬಂದವು. ('ತಾರೇ ಜಮೀನ್ ಪರ್' ಆಟಿಸಂ ಕುರಿತದ್ದಲ್ಲ, ಅದು ಡಿಸ್ಲೆಕ್ಸಿಯಾ. ಹಲವರು ಬೆರಸಿ ಹೇಳುತ್ತಾರೆ.)

ಇಷ್ಟರವರೆಗೆ ಮಾತಾಡಿದವರು ವೈದ್ಯರು, ಹೆತ್ತವರು, ಪತ್ರಿಕೆಯವರು, ಸಿನಿಮಾದವರು. ಆಟಿಸಂ ಇರುವವರೇ ಮಾತಾಡಲು ಶುರು ಮಾಡಿದ್ದು 1990ರ ದಶಕದಲ್ಲಿ, ಕಂಪ್ಯೂಟರಿನ ಸಹಾಯದಿಂದ. ಎದುರಿಗೆ ಕುಳಿತು ಕಣ್ಣಿಗೆ ಕಣ್ಣು ಕೊಟ್ಟು ತಕ್ಷಣ ಉತ್ತರ ಹೇಳುವುದು ಕಷ್ಟವಾಗುವವರಿಗೆ, ತಮ್ಮ ಕೋಣೆಯಲ್ಲಿ ಕುಳಿತು ನಿಧಾನವಾಗಿ ಟೈಪ್ ಮಾಡಿ ಕಳಿಸಬಹುದಾದದ್ದು ಎಂಥ ಬಿಡುಗಡೆ ಎಂದು ಯೋಚಿಸಿ ನೋಡಿ. 1992ರಲ್ಲಿ ಜಿಮ್ ಸಿಂಕ್ಲೇರ್, ಡೊನಾ ವಿಲಿಯಮ್ಸ್ ಮೊದಲಾದವರು ತಮ್ಮದೇ ಒಂದು ಜಾಲ ಕಟ್ಟಿದರು. 1993ರಲ್ಲಿ ಸಿಂಕ್ಲೇರ್ ಹೆತ್ತವರನ್ನು ಉದ್ದೇಶಿಸಿ ಬರೆದ ಲೇಖನದ ಸಾರಾಂಶ ಇಷ್ಟು: ನೀವು ಅಳುತ್ತಿರುವುದು ನೀವು ಬಯಸಿದ್ದ, ಹುಟ್ಟದೇ ಉಳಿದ ಮಗುವಿಗಾಗಿ, ಹುಟ್ಟಿದ ಮಗು ನಿಮ್ಮೆದುರು ನಿಂತಿದೆ, ಅದಕ್ಕಾಗಿ ಅಳಬೇಡಿ. 1996ರಲ್ಲಿ ಹಾಲೆಂಡಿನವರೊಬ್ಬರು ನಡೆಸುತ್ತಿದ್ದ ಇ-ಮೇಲ್ ಗುಂಪಿನಲ್ಲಿ, ಮೆದುಳಿನ ರಚನೆಯಲ್ಲೂ ವೈವಿಧ್ಯವಿದೆ ಎಂಬ ಮಾತು ಚರ್ಚೆಗೆ ಬಂತು. 'ನ್ಯೂರೋಡೈವರ್ಸಿಟಿ' ಎಂಬ ಪದ 1998ರಲ್ಲಿ ಜೂಡಿ ಸಿಂಗರ್ ಅವರ ಪ್ರಬಂಧದಲ್ಲೂ, ಹಾರ್ವಿ ಬ್ಲೂಮ್ ಅವರ ಪತ್ರಿಕಾ ಲೇಖನದಲ್ಲೂ ಕಾಣಿಸಿಕೊಂಡಿತು. ಇದು ಒಬ್ಬರ ಸೃಷ್ಟಿಯಲ್ಲ, ಆ ಗುಂಪುಗಳಲ್ಲಿ ಹಲವರು ಸೇರಿ ಕಟ್ಟಿದ್ದು ಎಂದು 2024ರಲ್ಲಿ ಕೆಲವು ಸಂಶೋಧಕರು ದಾಖಲೆ ಸಹಿತ ತೋರಿಸಿದ್ದಾರೆ.

ಆದರೆ ಅದೇ 1998ರಲ್ಲಿ ಇನ್ನೊಂದು ಘಟನೆ ನಡೆಯಿತು. ಫೆಬ್ರವರಿ 28ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು 12 ಮಕ್ಕಳ ಬಗ್ಗೆ ಬರೆದ ಲೇಖನ ಎಂ.ಎಂ.ಆರ್. ಲಸಿಕೆಯ ಮೇಲೆ ಸಂಶಯ ಹುಟ್ಟಿಸಿತು. ಪತ್ರಕರ್ತ ಬ್ರಯಾನ್ ಡೀರ್ ಬೆನ್ನುಹತ್ತಿದಾಗ, ಲಸಿಕೆ ಕಂಪೆನಿಗಳ ವಿರುದ್ಧ ದಾವೆ ಹೂಡಲಿದ್ದ ವಕೀಲರಿಂದ ವೇಕ್‌ಫೀಲ್ಡ್ ಹಣ ಪಡೆದದ್ದು, ಮಕ್ಕಳ ವೈದ್ಯಕೀಯ ದಾಖಲೆಗೂ ಲೇಖನಕ್ಕೂ ತಾಳೆಯಾಗದ್ದು ಹೊರಬಿತ್ತು. 2010ರ ಫೆಬ್ರವರಿಯಲ್ಲಿ ಪತ್ರಿಕೆ ಲೇಖನ ಹಿಂತೆಗೆದುಕೊಂಡಿತು, ಮೇ ತಿಂಗಳಲ್ಲಿ ವೇಕ್‌ಫೀಲ್ಡ್ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದರು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಸಿಕೆಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ. 12 ಮಕ್ಕಳ ಲೇಖನ ಹಿಂತೆಗೆಯಲು 12 ವರ್ಷ ಹಿಡಿಯಿತು. ಗಾಳಿಸುದ್ದಿಯನ್ನು ಹಿಂತೆಗೆಯುವವರು ಯಾರೂ ಇಲ್ಲ.

ಇದು ನಮ್ಮ ಬಾಗಿಲಿಗೆ ಬಂದದ್ದು 2017ರಲ್ಲಿ. ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆ ಫೆಬ್ರವರಿಯಲ್ಲಿ ಕರ್ನಾಟಕ, ತಮಿಳುನಾಡು ಮೊದಲಾದ ಕಡೆ ನಡೆದು, ಕೇರಳದಲ್ಲಿ ಅಕ್ಟೋಬರಿನಲ್ಲಿ ಶುರುವಾಯಿತು. 9 ತಿಂಗಳಿಂದ 15 ವರ್ಷದವರೆಗಿನ ಎಲ್ಲ ಮಕ್ಕಳಿಗೆ, ಶಾಲೆಗಳಲ್ಲೇ. ಅದಕ್ಕೂ ಮೊದಲೇ ಫಾರ್ವರ್ಡುಗಳು ಬಂದಾಗಿತ್ತು. ಮಲಯಾಳದ್ದು ದಕ್ಷಿಣದಿಂದ, ಕನ್ನಡದ್ದು ಮಂಗಳೂರಿನ ಕಡೆಯಿಂದ. ಗಡಿನಾಡಿನವರಿಗೆ ಎರಡೂ ಭಾಷೆಯ ಗಾಳಿಸುದ್ದಿ ಸಿಗುವ ಭಾಗ್ಯ! ನಾವು ಪಿ.ಟಿ.ಎ. ಸಭೆ ಕರೆದು ಗಂಟಲು ಒಣಗುವಷ್ಟು ಮಾತಾಡಿದೆವು. "ಹುಡುಗನಿಗೆ ಮಾತು ನಿಂತರೆ ನೀವು ಜವಾಬ್ದಾರಿಯಾ ಮಾಷ್ಟ್ರೇ?" ಎಂದು ಒಬ್ಬರು ಎದ್ದು ಕೇಳಿದರು. ವೇಕ್‌ಫೀಲ್ಡ್ ಹೆಸರು ಅವರು ಕೇಳಿರಲಿಲ್ಲ, ನಾವೂ ಆಗ ಕೇಳಿರಲಿಲ್ಲ. ಕೇಳಿದ್ದರೆ ಉತ್ತರ ಇನ್ನೂ ಗಟ್ಟಿಯಾಗಿ ಕೊಡಬಹುದಿತ್ತು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಗರ್ಭಿಣಿಯರು ಪ್ಯಾರಾಸಿಟಮಾಲ್ ನುಂಗುವುದಕ್ಕೂ ಆಟಿಸಂಗೂ ಗಂಟು ಹಾಕಿ ಮಾತಾಡಿದಾಗಲೂ ಅದು ಇಲ್ಲಿಗೆ ತಲುಪಲು ತಡವಾಗಲಿಲ್ಲ. ಸ್ವೀಡನ್ನಿನಲ್ಲಿ 24 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಒಡಹುಟ್ಟಿದವರನ್ನು ಹೋಲಿಸಿ 2024ರಲ್ಲಿ ಬಂದ ಅಧ್ಯಯನ ಅಂಥ ಸಂಬಂಧ ಇಲ್ಲವೆಂದದ್ದು ಯಾರ ಸ್ಟೇಟಸಿನಲ್ಲೂ ಕಾಣಲಿಲ್ಲ.

ಸಾಮಾಜಿಕ ಜಾಲತಾಣಗಳ ಕಾಲದಲ್ಲಿ ಹೇಳಲೇಬೇಕಾದದ್ದು 2007. ಆ ಜನವರಿಯಲ್ಲಿ ಅಮೆರಿಕದ ಬ್ಯಾಗ್ಸ್ ಎಂಬವರು (ಆಗ ಅಮಾಂಡಾ, ಮುಂದೆ ಮೆಲ್ ಎಂದು ಹೆಸರಿಟ್ಟುಕೊಂಡವರು) ಯೂಟ್ಯೂಬಿಗೆ ಎಂಟು ನಿಮಿಷ ಮೀರಿದ ಒಂದು ವೀಡಿಯೊ ಹಾಕಿದರು. ಮೊದಲ ಭಾಗದಲ್ಲಿ ಮಾತಿಲ್ಲ. ಕೈ ಬೀಸುತ್ತಾರೆ, ಗುನುಗುತ್ತಾರೆ, ನಲ್ಲಿಯ ನೀರಿನಡಿ ಬೆರಳಾಡಿಸುತ್ತಾರೆ. ಎರಡನೆಯ ಭಾಗದಲ್ಲಿ ಟೈಪ್ ಮಾಡಿದ ಮಾತನ್ನು ಯಂತ್ರ ಓದುತ್ತದೆ. ಇದು ನನ್ನ ಭಾಷೆ, ನೀವು ಇದನ್ನು ಕಲಿಯದೆ ಇದ್ದರೆ ಕೊರತೆ ಎನ್ನುವುದಿಲ್ಲ, ನಾನು ನಿಮ್ಮದನ್ನು ಕಲಿಯದೆ ಇದ್ದರೆ ಮಾತ್ರ ಕೊರತೆ ಎನ್ನುತ್ತೀರಿ ಎಂಬುದು ಅದರ ತಾತ್ಪರ್ಯ. ನಂಬದವರೂ ಇದ್ದರು. ಕನ್ನಡ ಮಾಧ್ಯಮದಲ್ಲಿ ಕಲಿಸುವ ನಮಗೆ ಆ ವಾದ ಎಲ್ಲೋ ಕೇಳಿದ್ದು ಅನ್ನಿಸಿತು. ಬ್ಯಾಗ್ಸ್ 2020ರಲ್ಲಿ ತೀರಿಕೊಂಡರು.

ಅದೇ 2007ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಒಂದು ವಿಶ್ವವಿದ್ಯಾಲಯದ ಮಕ್ಕಳ ಕೇಂದ್ರ ಜಾಹೀರಾತು ಹಾಕಿತು. ಮಗುವನ್ನು ಅಪಹರಿಸಿದವನು ಬರೆದ ಒತ್ತೆಪತ್ರದ ಮಾದರಿ. ನಿಮ್ಮ ಮಗ ನಮ್ಮ ವಶದಲ್ಲಿದ್ದಾನೆ, ಸಹಿ ಆಟಿಸಂ ಎಂಬರ್ಥದ್ದು. ಆಟಿಸಂ ಇರುವವರೇ 2006ರಲ್ಲಿ ಕಟ್ಟಿದ್ದ ಸಂಘಟನೆಯ ಆರಿ ನೇಮನ್ ಮುಂತಾದವರು ಇ-ಮೇಲ್, ಬ್ಲಾಗ್‌ಗಳ ಮೂಲಕ ಸಹಿ ಸಂಗ್ರಹಿಸಿ ವಿರೋಧಿಸಿದರು. ಅದೇ ತಿಂಗಳೊಳಗೆ ಜಾಹೀರಾತು ಹಿಂದಕ್ಕೆ ಹೋಯಿತು. ತಮ್ಮ ಬಗ್ಗೆ ಆಡಿದ ಮಾತನ್ನು ತಾವೇ ನಿಲ್ಲಿಸಿದ್ದು! ನೀಲಿ ದೀಪದ ಪ್ರಚಾರ 2010ರಲ್ಲಿ ಶುರುವಾದದ್ದು, ಅಮೆರಿಕದ ಒಂದು ದೊಡ್ಡ ಸಂಸ್ಥೆಯದ್ದು. ಅದನ್ನೊಪ್ಪದ ಆಟಿಸಂ ಇರುವವರು ಕೆಂಪು ಬಣ್ಣ, ಬಂಗಾರದ ಬಣ್ಣದ ಅನಂತ ಚಿಹ್ನೆ ಹಿಡಿದರು. ನಾವು ನೀಲಿ ರಿಬ್ಬನ್ ಅಂಟಿಸುವಾಗ ಇದೊಂದೂ ನಮಗೆ ಗೊತ್ತಿರಲಿಲ್ಲ. ಗೂಗಲಿನಲ್ಲಿ ಮೊದಲು ಸಿಕ್ಕಿದ್ದು ಅದು, ಅಂಟಿಸಿದೆವು. 2010ರ ದಶಕದ ಆರಂಭದಲ್ಲಿ 'ಆಕ್ಚುವಲಿ ಆಟಿಸ್ಟಿಕ್' ಎಂಬ ಹ್ಯಾಶ್‌ಟ್ಯಾಗ್ ಬಂದ ಕಾರಣವೂ ಇದೇ. 'ಆಟಿಸಂ' ಎಂದು ಹುಡುಕಿದರೆ ಸಿಗುತ್ತಿದ್ದದ್ದೆಲ್ಲ ಅವರ ಬಗ್ಗೆ ಇತರರು ಬರೆದದ್ದು, ಅವರು ಬರೆದದ್ದಲ್ಲ.

ಈಗ ರೀಲ್ಸ್ ಕಾಲ. ನಮ್ಮ ದೇಶದಲ್ಲಿ ಟಿಕ್‌ಟಾಕ್ 2020ರ ಜೂನಿನಲ್ಲೇ ನಿಷೇಧವಾದರೂ ಅದರ ಅಣ್ಣತಮ್ಮಂದಿರು ಬೇಕಷ್ಟಿದ್ದಾರೆ. ಟಿಕ್‌ಟಾಕಿನಲ್ಲಿ ಆಟಿಸಂ ಬಗ್ಗೆ ಮಾಹಿತಿ ಕೊಡುವ 133 ಜನಪ್ರಿಯ ವೀಡಿಯೊಗಳನ್ನು ಅಮೆರಿಕದ ಸಂಶೋಧಕರು ಪರಿಶೀಲಿಸಿ 2023ರಲ್ಲಿ ವರದಿ ಮಾಡಿದರು. ಸರಿಯಾದ ಮಾಹಿತಿ ಇದ್ದದ್ದು ಶೇ. 27ರಲ್ಲಿ. ಶೇ. 41 ತಪ್ಪು. ಉಳಿದ ಶೇ. 32 ಒಬ್ಬರ ಅನುಭವವನ್ನು ಎಲ್ಲರಿಗೂ ಅನ್ವಯಿಸಿ ಹೇಳಿದ್ದು. ನೋಡಿದವರ ಸಂಖ್ಯೆ ಕೋಟಿಗಟ್ಟಲೆ. ಹಾಗೆಂದು ಎಲ್ಲವನ್ನೂ ದೂರುವಂತಿಲ್ಲ. ಬಾಲ್ಯದಲ್ಲಿ ಯಾರೂ ಗುರುತಿಸದೆ ಹೋದ ಎಷ್ಟೋ ಹೆಂಗಸರು ಇನ್ನೊಬ್ಬರ ವೀಡಿಯೊ ನೋಡಿ ತಮ್ಮನ್ನು ಅರ್ಥಮಾಡಿಕೊಂಡಿದ್ದಾರೆ, ಆಮೇಲೆ ವೈದ್ಯರಲ್ಲಿಗೆ ಹೋಗಿದ್ದಾರೆ. ನಮ್ಮ ಹುಡುಗನ ತಾಯಿಗೂ ಮೊದಲ ಸುಳಿವು ಸಿಕ್ಕಿದ್ದು ಮೊಬೈಲಿನಲ್ಲೇ, ನಮ್ಮಿಂದಲ್ಲ. ಅವನನ್ನು ಒಂದೂವರೆ ವರ್ಷ ಎದುರಿಗಿಟ್ಟುಕೊಂಡು ನಾವು ಹೇಳಿದ್ದು "ಸ್ವಲ್ಪ ಹಠಮಾರಿ" ಎಂದು.

ಕೆಟ್ಟದ್ದು ಯಾವುದೆಂದರೆ ಗುಣಪಡಿಸುತ್ತೇವೆನ್ನುವ ವ್ಯಾಪಾರ. ಬಟ್ಟೆ, ನೀರು ಬಿಳುಪು ಮಾಡುವ ರಾಸಾಯನಿಕದ ದ್ರಾವಣವನ್ನು ಮಕ್ಕಳಿಗೆ ಕುಡಿಸಲು ಹೇಳುವವರ ವಿರುದ್ಧ ಅಮೆರಿಕದ ಔಷಧ ಇಲಾಖೆ 2019ರಲ್ಲಿ ಎಚ್ಚರಿಕೆ ಕೊಡಬೇಕಾಯಿತು. ನಮ್ಮ ದೇಶದಲ್ಲಿ ಹೆಚ್ಚು ಕಾಣುವುದು ಸ್ಟೆಮ್ ಸೆಲ್ ಜಾಹೀರಾತು. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡುವಂತಿಲ್ಲ, ಅದರ ಪ್ರಚಾರ ವೃತ್ತಿಧರ್ಮಕ್ಕೆ ವಿರುದ್ಧ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರ ಡಿಸೆಂಬರಿನಲ್ಲಿ ಹೇಳಿದೆ. ಅಡಿಕೆ ತೋಟ ಅಡವಿಡಲು ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನಿಲ್ಲಿ.

ಕರ್ನಾಟಕಕ್ಕೂ ಈ ಇತಿಹಾಸದಲ್ಲಿ ಒಂದು ಪುಟ ಇದೆ. ಮೈಸೂರು, ಬೆಂಗಳೂರಿನಲ್ಲಿ ಬೆಳೆದ ಟೀಟೋ ಮುಖ್ಯೋಪಾಧ್ಯಾಯ ಎಂಬ ಬಂಗಾಳಿ ಹುಡುಗನ ಪುಸ್ತಕವನ್ನು ಲಂಡನ್ನಿನ ಆಟಿಸಂ ಸಂಘ 2000ದಲ್ಲಿ ಪ್ರಕಟಿಸಿತು. ಮಾತು ಬಹಳ ಕಡಿಮೆ ಇದ್ದ ಹುಡುಗ ಬರೆದದ್ದು ಕಂಡು ಲೋಕ ಬೆರಗಾಯಿತು. ತಾಯಿ ಸೋಮಾ ಅವನಿಗೆ ಅಕ್ಷರಫಲಕ ತೋರಿಸಿ ಕಲಿಸಿದ್ದರು. ಆ ವಿಧಾನವನ್ನು ಇತರ ಮಕ್ಕಳಿಗೆ ಹಚ್ಚುವಾಗ ಬರುವ ಮಾತು ಮಗುವಿನದ್ದೋ ಸಹಾಯಕರದ್ದೋ ಎಂಬ ವಿವಾದವೂ ಎದ್ದು, 2018ರಲ್ಲಿ ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ ಅದನ್ನು ಬಳಸಬೇಡಿ ಎಂದಿತು. ಯಾರ ಮಾತು ಎಂಬ ಪ್ರಶ್ನೆ ಇಲ್ಲೂ ತಪ್ಪಲಿಲ್ಲ.

ನಮ್ಮ ಜಿಲ್ಲೆಯವರಿಗೆ ಫೋಟೋಗಳ ವಿಷಯ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 2000ದ ಕೊನೆಯವರೆಗೆ. ಆ ಬಳಿಕ ಎಣ್ಮಕಜೆ, ಪಡ್ರೆ ಕಡೆಯ ಮಕ್ಕಳ ಚಿತ್ರಗಳು ದೇಶವಿದೇಶದಲ್ಲಿ ಬಂದವು. ಆ ಚಿತ್ರಗಳು ಇಲ್ಲದಿದ್ದರೆ 2011ರ ಸುಪ್ರೀಂ ಕೋರ್ಟಿನ ನಿಷೇಧ, 2017ರ 5 ಲಕ್ಷ ರೂಪಾಯಿ ಪರಿಹಾರದ ಆದೇಶ ಬರುತ್ತಿತ್ತೋ ಇಲ್ಲವೋ. ಆದರೆ ಕ್ಯಾಮರಾ ಹಿಡಿದವರು ಬಂದಾಗ ಮಗುವನ್ನು ಒಳಗೆ ಎತ್ತಿಕೊಂಡು ಹೋಗಿ ಬಾಗಿಲು ಹಾಕಿದ ಮನೆಗಳೂ ನಮಗೆ ಗೊತ್ತು. ಇವತ್ತು ಕಾಸರಗೋಡಿನವರು ಎಂದ ಕೂಡಲೇ, ಮಗುವಿಗೆ ಆಟಿಸಂ ಎಂದರೆ "ಎಂಡೋಸಲ್ಫಾನಾ?" ಎಂದೇ ಹೊರಗಿನವರು ಕೇಳುತ್ತಾರೆ. ನಮ್ಮ ಹುಡುಗನ ಮನೆ ಗೇರುತೋಟದಿಂದ ಬಹಳ ದೂರ.

ಕೊನೆಗೆ ನಮ್ಮ ಭಾಷೆಯ ವಿಷಯ. ಹುಡುಗನ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ. ಮಾತು ತಡವಾಗಿದೆಯೆಂದು ತೋರಿಸಲು ಹೋದಲ್ಲಿ ಒಬ್ಬರು ಅವನನ್ನು ಮಲಯಾಳದಲ್ಲೇ ಪರೀಕ್ಷಿಸಿದರು. ಅವನು ಸುಮ್ಮನೆ ಕುಳಿತ. ಮೂರು ಭಾಷೆಯ ಗೊಂದಲದಿಂದಲೇ ಹೀಗಾದದ್ದು, ಮನೆಯಲ್ಲಿ ಒಂದೇ ಭಾಷೆ ಮಾತಾಡಿ, ಶಾಲೆ ಬದಲಿಸಿ ಎಂದು ಸಲಹೆ ಬಂತು. ಯೂಟ್ಯೂಬಿನಲ್ಲಿ ಹುಡುಕಿದರೂ ಅದೇ ಉಪದೇಶ. ತುಳು ಬಿಟ್ಟರೆ ಅಜ್ಜಿಗೆ ಮೊಮ್ಮಗನೊಡನೆ ಮಾತೇ ಇಲ್ಲ. ಎರಡು ಭಾಷೆ ಕೇಳಿ ಬೆಳೆಯುವ ಆಟಿಸಂ ಇರುವ ಮಕ್ಕಳ ಮಾತು ಒಂದೇ ಭಾಷೆ ಕೇಳುವವರಿಗಿಂತ ಹಿಂದೆ ಬೀಳುವುದಿಲ್ಲ ಎಂದು ಕೆನಡಾದಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡಿದೆ. ಆಮೇಲಿನ ಅಧ್ಯಯನಗಳೂ ಹಾಗೆಯೇ ಹೇಳಿವೆ. ಇದನ್ನು ಕನ್ನಡದಲ್ಲಿ ಬರೆದು ಒಂದು ಹಾಳೆ ಮಾಡಿ ಆ ಮನೆಗೆ ಕೊಟ್ಟೆವು. ಬಿ.ಆರ್.ಸಿ.ಯ ರಿಸೋರ್ಸ್ ಟೀಚರ್ ಜೊತೆ ನಾವೂ ಕುಳಿತು, ಪ್ರಶ್ನೆಗಳನ್ನು ತುಳುವಿನಲ್ಲಿ ಕೇಳಿದಾಗ ಅವನು ಅರ್ಧಕ್ಕಿಂತ ಹೆಚ್ಚಿನದಕ್ಕೆ ಉತ್ತರ ಕೊಟ್ಟ. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ, 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಬಂತು, 2016ರ ಕಾಯಿದೆಯ 21 ವಿಧಗಳಲ್ಲಿ ಸೇರಿತು. ಹಾಗಾಗಿ ಈಗ ಅವನಿಗೆ ಸರ್ಟಿಫಿಕೇಟು ಸಿಕ್ಕಿದೆ. ಅದರ ಫೋಟೋ ನಾವು ಯಾವ ಗುಂಪಿಗೂ ಹಾಕಿಲ್ಲ.

ಅವನೀಗ ನಾಲ್ಕನೇ ತರಗತಿ. ಪ್ರವೇಶೋತ್ಸವದ ದಿನ ಚೆಂಡೆ, ಮೈಕ್ ಶುರುವಾಗುವ ಮೊದಲೇ ಅವನು ಲೈಬ್ರರಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಯಾರೂ ಮೊಬೈಲ್ ಎತ್ತುವುದಿಲ್ಲ, ಅದು ಪಿ.ಟಿ.ಎ.ಯಲ್ಲಿ ನಿರ್ಣಯವಾಗಿದೆ. ಈ ಬರಹವನ್ನು ಹಾಕುವ ಮೊದಲು ಅವನ ತಾಯಿಗೆ ಓದಿ ಹೇಳಿದೆವು. ಎರಡು ಕಡೆ ತೆಗೆಯಲು ಹೇಳಿದರು, ತೆಗೆದಿದ್ದೇವೆ. ಅವನಿಗೂ ಹಾಳೆ ತೋರಿಸಿದೆವು. ಬೆರಳಿಟ್ಟು ಇಸವಿಗಳನ್ನು ಮಾತ್ರ ಹುಡುಕಿ ಓದಿದ. 1943, 1944 ಉಂಟು, 1945 ಯಾಕೆ ಇಲ್ಲ ಎಂದು ಕೇಳಿದ. ಬರೆಯಲು ಏನೂ ಸಿಗಲಿಲ್ಲ ಎಂದೆವು. ತಲೆಯಾಡಿಸಿ ಹೋದ.